ಒಂಬತ್ತನೆಯ ಗೇಟಿಗೆ ಸದ್ದಿಲ್ಲ

ಹಿಪ್ಪರಗಿ ಬ್ಯಾರೇಜಿನ ಗೇಟು ತೆರೆಯುವ ಪುಟ್ಟ ಆಟವೊಂದನ್ನು ಪೈಗೇಮ್‌ನಲ್ಲಿ ಬರೆದೆ. ಕೃಷ್ಣೆಯ ನೀರು ಏರಿದಂತೆ ಹತ್ತು ಗೇಟುಗಳನ್ನು ಒಂದೊಂದಾಗಿ ತೆರೆಯಬೇಕು. ಪ್ರತಿ ಗೇಟಿಗೂ ಬೇರೆ ಸದ್ದು. ಗೆಳೆಯ ನದಿದಂಡೆಯಲ್ಲಿ ನಿಂತು ಹತ್ತನ್ನೂ ಮೊಬೈಲಿನಲ್ಲಿ ಹಿಡಿದು ತಂದಿದ್ದ. ವೇವ್ ಫೈಲುಗಳಾಗಿ ಬದಲಿಸಿಕೊಂಡೆವು.

ಎಂಟು ಗೇಟು ಭೋರ್ಗರೆದವು. ಒಂಬತ್ತು, ಹತ್ತು ಮೌನ. ಪರದೆಯ ಮೇಲೆ ಎರರ್ ಕೂಡ ಇಲ್ಲ. "ನಿನ್ನ ರೆಕಾರ್ಡಿಂಗೇ ಸರಿ ಇಲ್ಲೋ" ಎಂದು ರೇಗಿದೆ. ಪಾಪ, ಬಿಸಿಲಲ್ಲಿ ಮತ್ತೆ ಹೋಗಿ ಎರಡು ತಂದ. ಅವೂ ಹಾಗೇ.

ಕೊನೆಗೆ ಒಂಬತ್ತನೆಯ ಗೇಟನ್ನೇ ಮೊದಲು ತೆರೆದು ನೋಡಿದೆ. ಸ್ಪಷ್ಟವಾಗಿ ಕೇಳಿಸಿತು! ಅಂದರೆ ಫೈಲು ಸರಿ ಇದೆ.

ಪೈಗೇಮ್‌ನ ಮಿಕ್ಸರ್ ಮೊದಲಿಗೆ 8 ಚಾನೆಲ್‌ಗಳನ್ನಷ್ಟೇ ಇಟ್ಟುಕೊಂಡಿರುತ್ತದೆ. ಒಂದು ಚಾನೆಲ್‌ಗೆ ಒಂದು ಹೊತ್ತಿಗೆ ಒಂದೇ ಸದ್ದು. ಎಂಟೂ ತುಂಬಿದ್ದರೆ ಹೊಸ ಸದ್ದನ್ನು ನುಡಿಸದೆ ಸುಮ್ಮನಾಗುತ್ತದೆ, ದೂರು ಹೇಳುವುದಿಲ್ಲ. ನನ್ನ ಸದ್ದುಗಳು ಲೂಪ್‌ನಲ್ಲಿದ್ದುದರಿಂದ ಒಂದೂ ಚಾನೆಲ್ ಖಾಲಿಯಾಗುತ್ತಿರಲಿಲ್ಲ. ಮಿಕ್ಸರ್ ಶುರುವಾದ ಮೇಲೆ 'ಸೆಟ್ ನಮ್ ಚಾನೆಲ್ಸ್' ಫಂಕ್ಷನ್‌ಗೆ 16 ಕೊಟ್ಟೆ; ಹತ್ತೂ ಗೇಟು ಮೊಳಗಿದವು.

ಒಂದು ಸದ್ದೂ ಬಾರದಿದ್ದರೆ ಕಾರಣ ಬೇರೆ. 'ಪ್ಲೇ' ಸದ್ದು ಮುಗಿಯುವವರೆಗೆ ಕಾಯುವುದಿಲ್ಲ. ಅಷ್ಟರಲ್ಲಿ ಪ್ರೋಗ್ರಾಂ ಮುಗಿದರೆ ಏನೂ ಕೇಳಿಸದು.

ಗೆಳೆಯನಿಗೆ ಮರುದಿನ ಚಹಾ ಕುಡಿಸಿ ತಪ್ಪೊಪ್ಪಿಕೊಂಡೆ. ಅವನು ಎರಡನೆಯ ಸಲ ತಂದ ಸದ್ದುಗಳೇ ಈಗ ಆಟದಲ್ಲಿವೆ.