ನೀಲಿ ಬೆಳಕಿನ ತೊಟ್ಟಿಲು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಮಳೆಗೆ ಬರವುಂಟು, ಬಿಸಿಲಿಗಿಲ್ಲ. ಪಾವಗಡದ ಬಯಲಿನಲ್ಲಂತೂ ಈಗ ಬಿಸಿಲಿನಿಂದಲೇ ವಿದ್ಯುತ್ತು ತಯಾರಾಗುತ್ತಿದೆ. ಹಸುಗೂಸಿನ ಮೈ ಹಳದಿಗೆ ತಿರುಗಿದರೆ ಇಲ್ಲಿನ ಹಿರಿಯರು, "ಎಳೆಬಿಸಿಲಿಗೆ ಹಿಡಿಯಿರಿ, ಇಳಿದುಹೋಗುತ್ತದೆ" ಎನ್ನುವುದು ಸಹಜವೇ. ಈ ಮಾತಿನಲ್ಲಿ ಸತ್ಯವೂ ಇದೆ, ಅಪಾಯವೂ ಇದೆ.

ಸತ್ಯವನ್ನು ಮೊದಲು ಕಂಡವರು ಒಬ್ಬ ದಾದಿ. 1956ರಲ್ಲಿ ಇಂಗ್ಲೆಂಡಿನ ರಾಚ್‌ಫರ್ಡ್ ಆಸ್ಪತ್ರೆಯ ಸಿಸ್ಟರ್ ವಾರ್ಡ್ ಕೂಸುಗಳನ್ನು ಅಂಗಳದ ಬಿಸಿಲಿಗೆ ಒಯ್ಯುತ್ತಿದ್ದರು. ಒಂದು ಮಗುವಿನ ಮೈಯ ಹಳದಿ ಇಳಿದು, ಬಟ್ಟೆಯ ತುದಿ ಮುಚ್ಚಿದ್ದ ತ್ರಿಕೋನದಷ್ಟು ಜಾಗದಲ್ಲಿ ಮಾತ್ರ ಉಳಿದಿದ್ದುದನ್ನು ಅವರು ವೈದ್ಯರಿಗೆ ತೋರಿಸಿದರು. 1958ರಲ್ಲಿ ಡಾಕ್ಟರ್ ಕ್ರೀಮರ್ ಮತ್ತು ಸಂಗಡಿಗರು ದೀಪದ ಬೆಳಕಿನ ಚಿಕಿತ್ಸೆಯನ್ನು ಪ್ರಕಟಿಸಿದರು.

ಎಳೆಯ ಯಕೃತ್ತು ಹೊರಹಾಕಲಾರದ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ನೀಲಿ ಬೆಳಕು ಮಾರ್ಪಡಿಸುತ್ತದೆ. ಅದು ಮಲಮೂತ್ರಗಳಲ್ಲಿ ಹೊರಹೋಗುತ್ತದೆ. ಬಿಸಿಲಿಗಾದರೋ ಅಳತೆಯಿಲ್ಲ, ಕೂಸಿನ ಮೈ ಸುಡಬಹುದು, ಬತ್ತಲೆ ಮೈಗೆ ಶೀತವೂ ತಗುಲಬಹುದು.

ದೀಪ ಹೊತ್ತಿಸಿದ ಮಾತ್ರಕ್ಕೆ ಕೆಲಸ ಮುಗಿಯದು. ದಾದಿಯು ಕೂಸಿನ ಕಣ್ಣಿಗೆ ಪಟ್ಟಿ ಕಟ್ಟುತ್ತಾಳೆ. ಪಟ್ಟಿ ಮೂಗಿನ ಮೇಲೆ ಜಾರದಂತೆ ಕಾಯುತ್ತಾಳೆ. ಲಂಗೋಟಿಯ ಹೊರತು ಮೈಯೆಲ್ಲ ಬೆಳಕಿಗೆ ತೆರೆದಿರಬೇಕು, ಎಣ್ಣೆ ಹಚ್ಚಲಾಗದು. ಮೈಶಾಖವನ್ನು ಆಗಾಗ ನೋಡಬೇಕು, ದಿನಕ್ಕೊಮ್ಮೆ ತೂಗಬೇಕು, ಒದ್ದೆಯಾದ ಬಟ್ಟೆಗಳನ್ನು ಎಣಿಸಬೇಕು. ಎರಡು ಮೂರು ಗಂಟೆಗೊಮ್ಮೆ ತಾಯಿ ಹಾಲೂಡಬೇಕು. ಆಗ ಪಟ್ಟಿ ಬಿಚ್ಚಿದರೆ ತಾಯಿಮಕ್ಕಳು ಪರಸ್ಪರ ಮುಖ ನೋಡಬಹುದು. ಬೆಳಕಿನಡಿ ಚರ್ಮದ ಬಣ್ಣ ನಂಬಲರ್ಹವಲ್ಲ. ಗುಣವನ್ನು ತಿಳಿಸುವುದು ರಕ್ತಪರೀಕ್ಷೆಯೇ.

ತೊಡಕು ಬೇರೊಂದಿದೆ. ಹೆರಿಗೆಯಾದ ಎರಡು ದಿನಕ್ಕೆ ಬಾಣಂತಿ ಹಳ್ಳಿಗೆ ಮರಳುತ್ತಾಳೆ. ಹಳದಿ ಏರುವುದು ಸಾಮಾನ್ಯವಾಗಿ ಮೂರರಿಂದ ಐದನೆಯ ದಿನದೊಳಗೆ. ಆಶಾ ಕಾರ್ಯಕರ್ತೆಯು ಮೂರನೆಯ ಮತ್ತು ಏಳನೆಯ ದಿನ ಮನೆಗೆ ಬರುವುದು ಈ ಕಾರಣಕ್ಕೂ ಉಪಯುಕ್ತ. ಕತ್ತಲೆಯ ಬಾಣಂತಿ ಕೋಣೆಯಲ್ಲಿ ಹಳದಿ ಕಾಣದು. ಕೂಸನ್ನು ಕಿಟಕಿಯ ಬೆಳಕಿಗೆ ತಂದು ನೋಡಬೇಕು. ಮೊದಲ 24 ಗಂಟೆಯೊಳಗೇ ಹಳದಿ ಕಂಡರೆ, ಅಂಗೈ ಅಂಗಾಲಿಗೆ ಇಳಿದರೆ, ಮಗು ಹಾಲು ಬಿಟ್ಟು ಮಂಕಾದರೆ, ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಬಿಲಿರುಬಿನ್ ಮಿದುಳಿಗೇರಿದರೆ ಕಿವುಡುತನ, ಅಂಗವೈಕಲ್ಯ ಜೀವಮಾನದ ಸಂಗಾತಿಗಳಾಗುತ್ತವೆ.

ಹಿರಿಯರ ಬಿಸಿಲು ಹಳದಿಯನ್ನು ನೋಡಲು ಸಾಕು. ನೀಗಲು ಆಸ್ಪತ್ರೆಯ ಬೆಳಕು ಬೇಕು.