ಶಾಯಿಯೋ, ಪುಡಿಯೋ: ಬಾಗಲಕೋಟೆ ಸೀಮೆಯ ಮನೆಗೆ ಒಪ್ಪುವ ಪ್ರಿಂಟರ್

ಮನೆಬಳಕೆಗೆ ಸಿಗುವ ಪ್ರಿಂಟರ್‌ಗಳಲ್ಲಿ ಎರಡು ಮುಖ್ಯ ಬಗೆಗಳಿವೆ: ದ್ರವರೂಪದ ಶಾಯಿಯನ್ನು ಸಣ್ಣ ಹನಿಗಳಾಗಿ ಕಾಗದದ ಮೇಲೆ ಚಿಮ್ಮಿಸುವ ಇಂಕ್‌ಜೆಟ್ ಮತ್ತು ಒಣಪುಡಿಯನ್ನು ಕರಗಿಸಿ ಕಾಗದಕ್ಕೆ ಅಂಟಿಸುವ ಲೇಸರ್. ಇವುಗಳಲ್ಲಿ ಯಾವುದು ಮೇಲು ಎಂದು ಕೇಳಿದವರಿಗೆ ಅಂಗಡಿಗಳಲ್ಲಿ ಬೆಲೆ, ವೇಗ ಮತ್ತು ಬಣ್ಣದ ಲೆಕ್ಕದಲ್ಲಿ ಉತ್ತರ ಸಿಗುತ್ತದೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳಂತಹ ಬಿಸಿಲುಸೀಮೆಯ ಊರುಗಳಲ್ಲಿ ಈ ಲೆಕ್ಕ ಸಾಲದು. ಯಂತ್ರವು ವಾರದಲ್ಲಿ ಎಷ್ಟು ಸಲ ಚಾಲೂ ಆಗುತ್ತದೆ, ಕರೆಂಟು ಹೋದಾಗ ಅದರ ಗತಿ ಏನು, ಅಚ್ಚಾದ ಕಾಗದ ಎಷ್ಟು ವರ್ಷ ಉಳಿಯಬೇಕು ಎಂಬ ಮೂರು ಸಂಗತಿಗಳೇ ಇಲ್ಲಿ ಆಯ್ಕೆಯನ್ನು ನಿರ್ಧರಿಸುತ್ತವೆ.

ಮನೆಯಲ್ಲಿ ಅಚ್ಚಾಗುವುದೇನು?

1997ರಲ್ಲಿ ವಿಜಯಪುರದಿಂದ ಬೇರ್ಪಟ್ಟು ಜಿಲ್ಲೆಯಾದ ಬಾಗಲಕೋಟೆಯಲ್ಲಿ ಕಾಗದಪತ್ರದ ನಕಲಿಗೆ ಬೇರೆಡೆಗಿಂತ ಹೆಚ್ಚಿನ ತೂಕವಿದೆ. ಆಲಮಟ್ಟಿ ಜಲಾಶಯದ ಹಿನ್ನೀರಿಗೆ ಹಳೆಯ ಪಟ್ಟಣದ ಹಲವು ಭಾಗಗಳು ಮುಳುಗಡೆಯಾಗಿ, ಸಂತ್ರಸ್ತ ಕುಟುಂಬಗಳು ನವನಗರಕ್ಕೆ ಬಂದು ನೆಲೆಸಿದ್ದರಿಂದ, ಪರಿಹಾರದ ಆದೇಶ, ನಿವೇಶನದ ಹಂಚಿಕೆಪತ್ರ, ಹಳೆಯ ಉತಾರ ಮುಂತಾದವುಗಳನ್ನು ಜೋಪಾನ ಮಾಡುವುದು ಅನೇಕ ಮನೆಗಳ ವಾಡಿಕೆಯಾಗಿದೆ. ಇದರ ಜೊತೆಗೆ ಪಹಣಿ, ಆಧಾರ್, ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ಪ್ರವೇಶಪತ್ರ, ಕಾಲೇಜಿನ ಪ್ರಾಜೆಕ್ಟ್ ವರದಿ ಇವೆಲ್ಲ ಎಲ್ಲ ಊರುಗಳಿಗೂ ಸಾಮಾನ್ಯ. ಇಳಕಲ್ಲಿನಲ್ಲಿ ಸೀರೆಯನ್ನು ಮೊಬೈಲಿನ ಮೂಲಕ ಮಾರುವ ಮನೆಗಳಿಗೆ ಪಾರ್ಸೆಲ್ಲಿನ ವಿಳಾಸಚೀಟಿ, ಬಿಲ್ಲು ಮತ್ತು ಬಣ್ಣದ ಮಾದರಿಪಟ್ಟಿ ಬೇಕಾಗುತ್ತವೆ; ಬಾದಾಮಿಯಲ್ಲಿ ಪ್ರವಾಸಿಗರಿಗೆ ಕೋಣೆ ಕೊಡುವ ಮನೆಗಳಿಗೆ ಗುರುತಿನ ಚೀಟಿಯ ನಕಲು, ರಸೀದಿ, ದಾರಿ ತೋರುವ ನಕ್ಷೆ ಬೇಕಾಗುತ್ತವೆ. ಈ ಕೆಲಸಗಳಲ್ಲಿ ಹೆಚ್ಚಿನವಕ್ಕೆ ಕಪ್ಪುಬಿಳುಪು ಸಾಕು ಮತ್ತು ಹೆಚ್ಚಿನವಕ್ಕೆ ಸ್ಕ್ಯಾನ್ ಹಾಗೂ ಝೆರಾಕ್ಸ್ ಸೌಲಭ್ಯವೂ ಇರುವ ಆಲ್-ಇನ್-ಒನ್ ಯಂತ್ರವೇ ಅನುಕೂಲ.

ಎರಡು ಯಂತ್ರಗಳ ಒಳಗುಟ್ಟು

ಇಂಕ್‌ಜೆಟ್ಟಿನ ತಲೆಭಾಗದಲ್ಲಿ, ಅಂದರೆ ಪ್ರಿಂಟ್ ಹೆಡ್ಡಿನಲ್ಲಿ, ತಲೆಗೂದಲಿಗಿಂತ ಸಪೂರವಾದ ನೂರಾರು ರಂಧ್ರಗಳಿರುತ್ತವೆ. ಇವಕ್ಕೆ ನಾಜಲ್ ಎನ್ನುತ್ತಾರೆ. ಕ್ಯಾನನ್ ಮತ್ತು ಎಚ್‌ಪಿ ಯಂತ್ರಗಳಲ್ಲಿ ಶಾಯಿಯನ್ನು ಕ್ಷಣಮಾತ್ರ ಕಾಯಿಸಿ, ಏಳುವ ಗುಳ್ಳೆಯ ಒತ್ತಡದಿಂದ ಹನಿಯನ್ನು ಹೊರಗೆ ತಳ್ಳಲಾಗುತ್ತದೆ. ಎಪ್ಸನ್ ಯಂತ್ರಗಳಲ್ಲಿ ವಿದ್ಯುತ್ತು ಹರಿದಾಗ ಆಕಾರ ಬದಲಿಸುವ ಪಿಯೆಜೊ ಎಂಬ ಹರಳು ಅದೇ ಕೆಲಸವನ್ನು ಶಾಖವಿಲ್ಲದೆ ಮಾಡುತ್ತದೆ. ಹೊರಬೀಳುವ ಹನಿಯ ಗಾತ್ರವನ್ನು ಪಿಕೋಲೀಟರ್‌ಗಳಲ್ಲಿ ಅಳೆಯುತ್ತಾರೆ. ಒಂದು ಪಿಕೋಲೀಟರ್ ಎಂದರೆ ಲೀಟರಿನ ಲಕ್ಷ ಕೋಟಿಯಲ್ಲಿ ಒಂದು ಪಾಲು.

ಲೇಸರ್ ಪ್ರಿಂಟರಿನ ಮೂಲತತ್ವವು 1938ರಲ್ಲಿ ಅಮೆರಿಕದ ಚೆಸ್ಟರ್ ಕಾರ್ಲ್‌ಸನ್ ಕಂಡುಹಿಡಿದ, ಝೆರಾಕ್ಸ್ ಯಂತ್ರಕ್ಕೂ ತಳಹದಿಯಾದ ವಿಧಾನವೇ ಆಗಿದೆ. ಬೆಳಕಿಗೆ ಸ್ಪಂದಿಸುವ ಡ್ರಮ್ ಎಂಬ ಉರುಳೆಗೆ ಮೊದಲು ವಿದ್ಯುದಂಶ ತುಂಬಿ, ಅದರ ಮೇಲೆ ಲೇಸರ್ ಕಿರಣದಿಂದ ಅಕ್ಷರಗಳನ್ನು ಬರೆಯಲಾಗುತ್ತದೆ. ಕಿರಣ ಬಿದ್ದ ಕಡೆ ಟೋನರ್ ಎಂಬ ನುಣ್ಣನೆಯ ಪ್ಲಾಸ್ಟಿಕ್ ಪುಡಿ ಅಂಟಿಕೊಂಡು ಕಾಗದಕ್ಕೆ ವರ್ಗವಾಗುತ್ತದೆ, ಕೊನೆಗೆ ಫ್ಯೂಸರ್ ಎಂಬ ಬಿಸಿ ಉರುಳೆಗಳು ಸುಮಾರು 200 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಆ ಪುಡಿಯನ್ನು ಕರಗಿಸಿ ಕಾಗದದ ಎಳೆಗಳಿಗೆ ಒತ್ತುತ್ತವೆ. ಝೆರಾಕ್ಸ್ ಕಂಪನಿಯ ಗ್ಯಾರಿ ಸ್ಟಾರ್ಕ್‌ವೆದರ್ ಈ ವಿಧಾನಕ್ಕೆ ಲೇಸರನ್ನು ಜೋಡಿಸಿದರು. 1984ರಲ್ಲಿ ಎಚ್‌ಪಿ ಕಂಪನಿಯ ಮೊದಲ ಲೇಸರ್‌ಜೆಟ್ ಮತ್ತು ಮೊದಲ ಇಂಕ್‌ಜೆಟ್ ಆದ ಥಿಂಕ್‌ಜೆಟ್ ಒಂದೇ ವರ್ಷ ಮಾರುಕಟ್ಟೆಗೆ ಬಂದಾಗ ಮೊದಲನೆಯದರ ಬೆಲೆ 3,495 ಡಾಲರ್, ಎರಡನೆಯದರದು 495 ಡಾಲರ್ ಇತ್ತು. ಇಂದು ಕಪ್ಪುಬಿಳುಪಿನ ಸಣ್ಣ ಲೇಸರ್ ಮತ್ತು ಬಾಟಲಿಯಿಂದ ಶಾಯಿ ತುಂಬುವ ಇಂಕ್ ಟ್ಯಾಂಕ್ ಯಂತ್ರಗಳ ಬೆಲೆಯಲ್ಲಿ ಅಂತಹ ಅಂತರವಿಲ್ಲ.

ಬಿಸಿಲು, ಧೂಳು, ಕರೆಂಟು

ಏಪ್ರಿಲ್, ಮೇ ತಿಂಗಳುಗಳಲ್ಲಿ ಈ ಭಾಗದ ಉಷ್ಣಾಂಶ 40 ಡಿಗ್ರಿಯ ಆಸುಪಾಸಿಗೆ ಏರುತ್ತದೆ, ಗಾಳಿಯಲ್ಲಿ ತೇವವೂ ಕಡಿಮೆ. ಆದರೆ ಮನೆಬಳಕೆಯ ಪ್ರಿಂಟರ್‌ಗಳ ಕೈಪಿಡಿಗಳು ಸಾಮಾನ್ಯವಾಗಿ 30ರಿಂದ 35 ಡಿಗ್ರಿಯವರೆಗಿನ ಶಾಖವನ್ನಷ್ಟೇ ಸೂಚಿಸುತ್ತವೆ. ಇಂತಹ ಹವೆಯಲ್ಲಿ ಇಂಕ್‌ಜೆಟ್ಟನ್ನು ವಾರಗಟ್ಟಲೆ ಮುಟ್ಟದೆ ಬಿಟ್ಟರೆ ನಾಜಲಿನ ಬಾಯಲ್ಲಿರುವ ಶಾಯಿ ಒಣಗಿ ಹೆಪ್ಪುಗಟ್ಟುತ್ತದೆ, ಅಚ್ಚಾದ ಪುಟದಲ್ಲಿ ಅಡ್ಡಡ್ಡ ಬಿಳಿಗೆರೆಗಳು ಕಾಣಿಸಿಕೊಳ್ಳುತ್ತವೆ. ಆಗ ಯಂತ್ರದಲ್ಲೇ ಇರುವ ಹೆಡ್ ಕ್ಲೀನಿಂಗ್ ಸೌಲಭ್ಯದಿಂದ ರಂಧ್ರಗಳನ್ನು ಬಿಡಿಸಬಹುದಾದರೂ, ಆ ಕೆಲಸಕ್ಕೆ ಖರ್ಚಾಗುವ ಶಾಯಿ ಕಾಗದಕ್ಕೆ ಬೀಳದೆ ಯಂತ್ರದ ತಳದ ಹೀರುಪಟ್ಟಿಗೆ ಸೇರುತ್ತದೆ, ಆ ಪಟ್ಟಿ ತುಂಬಿದಾಗ ಯಂತ್ರ ತಾನಾಗಿಯೇ ನಿಂತುಬಿಡುತ್ತದೆ. ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿ ಊರಿಗೆ ಹೋಗುವ ಕುಟುಂಬಗಳು ಇಂಕ್‌ಜೆಟ್ ಕೊಳ್ಳುವ ಮುನ್ನ ಗಮನಿಸಬೇಕಾದ ಸಂಗತಿ ಇದು. ಟೋನರ್ ಮೊದಲೇ ಒಣಪುಡಿಯಾದ್ದರಿಂದ ಲೇಸರ್ ಯಂತ್ರವು ಮೂರು ತಿಂಗಳು ಸುಮ್ಮನಿದ್ದರೂ ಮೊದಲ ಪುಟವನ್ನೇ ಚೊಕ್ಕಟವಾಗಿ ಕೊಡುತ್ತದೆ.

ಕರೆಂಟಿನ ವಿಚಾರದಲ್ಲಿ ತಕ್ಕಡಿ ಇನ್ನೊಂದು ಕಡೆಗೆ ವಾಲುತ್ತದೆ. ಫ್ಯೂಸರ್ ಎಂಬುದು ಇಸ್ತ್ರಿಪೆಟ್ಟಿಗೆಯಂತೆ ಕಾದರಷ್ಟೇ ಕೆಲಸ ಮಾಡುವ ಸಾಧನವಾದ್ದರಿಂದ ಸಣ್ಣ ಲೇಸರ್ ಯಂತ್ರವೂ ಅಚ್ಚು ಮಾಡುವಾಗ ಸುಮಾರು 300ರಿಂದ 500 ವ್ಯಾಟ್ ವಿದ್ಯುತ್ತನ್ನು ಬೇಡುತ್ತದೆ, ಕಾಯುವ ಆರಂಭದ ಕ್ಷಣದಲ್ಲಿ ಇನ್ನೂ ಹೆಚ್ಚು ಎಳೆಯುತ್ತದೆ. ಆದಕಾರಣ ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಲೇಸರನ್ನು ಜೋಡಿಸಬಾರದು; ಮನೆಯ ಇನ್ವರ್ಟರಿಗೂ ಅದು ಭಾರವೇ. ಇಂಕ್‌ಜೆಟ್ಟಿಗೆ 10ರಿಂದ 20 ವ್ಯಾಟ್ ಸಾಕಾಗುವುದರಿಂದ ಹೆಸ್ಕಾಂ ಪೂರೈಕೆ ನಿಂತಾಗಲೂ ಇನ್ವರ್ಟರಿನ ಮೇಲೆ ಅದು ನಿರಾತಂಕವಾಗಿ ನಡೆಯುತ್ತದೆ. ಅರ್ಜಿಯ ಕೊನೆಯ ದಿನ ಕರೆಂಟು ಹೋದರೆ ಯಾವ ಯಂತ್ರ ಕೈಹಿಡಿಯುತ್ತದೆ ಎಂಬುದು ಹಳ್ಳಿಯ ಮನೆಗಳಿಗೆ ಸಣ್ಣ ಪ್ರಶ್ನೆಯಲ್ಲ.

ಧೂಳು ಎರಡಕ್ಕೂ ಶತ್ರು. ಕೆಂಪು ಗ್ರಾನೈಟಿಗೆ ಹೆಸರಾದ ಇಳಕಲ್ಲಿನಲ್ಲಿ ಕಲ್ಲು ಕೊಯ್ಯುವ ಘಟಕಗಳ ಸಮೀಪವಿರುವ ಮನೆಗಳು ಯಂತ್ರಕ್ಕೆ ಹೊದಿಕೆ ಹಾಕುವುದನ್ನೂ, ಕಾಗದವನ್ನು ತಟ್ಟೆಯಲ್ಲಿ ಬಿಡದೆ ಪೊಟ್ಟಣದಲ್ಲೇ ಇಡುವುದನ್ನೂ ರೂಢಿ ಮಾಡಿಕೊಳ್ಳಬೇಕು. ಗಟ್ಟಿಯಾದ ಕಲ್ಲಿನ ಕಣವು ಡ್ರಮ್ಮಿನ ಮೇಲೆ ಗೀರು ಮಾಡಿದರೆ ಆ ಗೀರು ಪ್ರತಿ ಪುಟದಲ್ಲೂ ಮೂಡುತ್ತದೆ.

ಅಕ್ಷರ ಮತ್ತು ಬಣ್ಣ

ಕನ್ನಡ ಲಿಪಿಯ ಸೂಕ್ಷ್ಮಗಳು ಈ ಎರಡು ಯಂತ್ರಗಳ ವ್ಯತ್ಯಾಸವನ್ನು ಬೇಗ ಬಯಲುಮಾಡುತ್ತವೆ. ಚದರ ಮೀಟರಿಗೆ 70 ಗ್ರಾಂ ತೂಗುವ, ಅಂದರೆ 70 ಜಿಎಸ್‌ಎಂ ಎಂದು ಮಾರುವ ಅಗ್ಗದ ಕಾಗದದ ಮೇಲೆ ದ್ರವಶಾಯಿ ಎಳೆಗಳ ಗುಂಟ ಸ್ವಲ್ಪ ಹರಡಿಕೊಳ್ಳುತ್ತದೆ. 14 ಪಾಯಿಂಟಿನ ಅಕ್ಷರದಲ್ಲಿ ಇದು ಕಣ್ಣಿಗೆ ಬೀಳದಿದ್ದರೂ, 8 ಪಾಯಿಂಟಿಗೆ ಇಳಿದಾಗ ‘ಧ’ ಅಕ್ಷರದ ಬುಡದಲ್ಲಿರುವ ಸೀಳು ಮುಚ್ಚಿ ಅದು ‘ದ’ದಂತೆ ಕಾಣತೊಡಗುತ್ತದೆ, ‘ರಾಷ್ಟ್ರ’, ‘ಸ್ತ್ರೀ’ಯಂತಹ ಪದಗಳಲ್ಲಿ ಒಂದರ ಕೆಳಗೊಂದು ಬರುವ ಒತ್ತಕ್ಷರಗಳು ಕೂಡಿಕೊಂಡು ಮುದ್ದೆಯಾಗುತ್ತವೆ. ಟೋನರ್ ಕಾಗದದ ಮೇಲ್ಮೈಯಲ್ಲೇ ನಿಲ್ಲುವುದರಿಂದ ಅಂಚು ಹರಿತವಾಗಿರುತ್ತದೆ. ಪಹಣಿಯಲ್ಲಿನ ಸರ್ವೆ ಮತ್ತು ಹಿಸ್ಸಾ ನಂಬರುಗಳಂತಹ ಸಣ್ಣ ಅಂಕಿಗಳಿಗೆ ಲೇಸರ್ ಒಪ್ಪುವುದು ಈ ಕಾರಣಕ್ಕಾಗಿ.

ಬಾಳಿಕೆಯಲ್ಲಿ ಶಾಯಿಗಳೊಳಗೇ ಎರಡು ಜಾತಿ. ಬಣ್ಣ ಪೂರ್ತಿ ಕರಗಿರುವ ಡೈ ಶಾಯಿ ನೀರು ತಾಗಿದರೆ ಹರಡುತ್ತದೆ, ಬಿಸಿಲಿಗೆ ಮಾಸುತ್ತದೆ. ನುಣ್ಣನೆಯ ಕಣಗಳನ್ನು ದ್ರವದಲ್ಲಿ ತೇಲಿಬಿಟ್ಟಿರುವ ಪಿಗ್ಮೆಂಟ್ ಶಾಯಿ ಇವೆರಡನ್ನೂ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಕಪ್ಪಿಗೆ ಮಾತ್ರ ಪಿಗ್ಮೆಂಟ್, ಉಳಿದ ಮೂರು ಬಣ್ಣಕ್ಕೆ ಡೈ ಬಳಸುವ ಟ್ಯಾಂಕ್ ಯಂತ್ರಗಳು ಸಿಗುತ್ತವೆ. ದಾಖಲೆ ಮತ್ತು ಬಣ್ಣ ಎರಡೂ ಬೇಕಾದ ಮನೆಗೆ ಅಂತಹವೇ ಉತ್ತಮ. ಟೋನರ್ ನೀರಿಗೆ ಜಗ್ಗುವುದಿಲ್ಲವಾದರೂ ಅದಕ್ಕೂ ಒಂದು ದೌರ್ಬಲ್ಯವಿದೆ: ಲೇಸರಿನಲ್ಲಿ ಅಚ್ಚಾದ ಹಾಳೆಯನ್ನು ಅಗ್ಗದ ಪಿವಿಸಿ ಪ್ಲಾಸ್ಟಿಕ್ ಹೊದಿಕೆಯಲ್ಲಿಟ್ಟು ತಗಡಿನ ಪೆಟ್ಟಿಗೆಯಲ್ಲಿ ಹಲವು ಬೇಸಿಗೆ ಕಳೆದರೆ ಅಕ್ಷರಗಳು ಪ್ಲಾಸ್ಟಿಕ್ಕಿಗೆ ಅಂಟಿ ಹಾಳೆಯಿಂದ ಕಿತ್ತು ಬರುತ್ತವೆ. ಇಡಬೇಕಾದ ದಾಖಲೆಗೆ ಕಾಗದದ ಫೈಲೇ ಸುರಕ್ಷಿತ.

ಬಣ್ಣದ ಚಿತ್ರದಲ್ಲಿ ಇಂಕ್‌ಜೆಟ್ಟಿಗೆ ಮನೆಬಳಕೆಯ ಲೇಸರ್ ಸಾಟಿಯಲ್ಲ. ಇಳಕಲ್ ಸೀರೆಯ ಟೋಪ್ ತೆನಿ ಸೆರಗು, ಗೋಮಿ ಅಂಚು, ಕಸೂತಿಯ ಎಳೆಗಳನ್ನು ಫೋಟೊ ಕಾಗದದ ಮೇಲೆ ತೋರಿಸಬೇಕಾದವರಿಗೆ ಇಂಕ್‌ಜೆಟ್ಟೇ ಸರಿ. ಆದರೂ ನಾಲ್ಕು ಶಾಯಿಗಳ ಮಿಶ್ರಣದಿಂದ ರೇಷ್ಮೆಯ ಗಾಢ ಕೆಂಪು ಇದ್ದದ್ದು ಇದ್ದಂತೆಯೇ ಮೂಡುವುದಿಲ್ಲವೆಂಬುದನ್ನು ಗಿರಾಕಿಗೆ ಮೊದಲೇ ತಿಳಿಸುವುದು ಲೇಸು. ಇಂಕ್‌ಜೆಟ್ಟಿಗೆಂದು ತಯಾರಾದ ಹೊಳಪಿನ ಫೋಟೊ ಕಾಗದವನ್ನು ಲೇಸರ್ ಯಂತ್ರಕ್ಕೆ ಎಂದೂ ಹಾಕಬಾರದು. ಅದರ ಲೇಪನ ಫ್ಯೂಸರಿನ ಶಾಖಕ್ಕೆ ಕರಗಿ ಯಂತ್ರವನ್ನೇ ಕೆಡಿಸುತ್ತದೆ.

ಪುಟದ ಲೆಕ್ಕ

ಬೆಲೆಯನ್ನು ಯಂತ್ರದ ಪೆಟ್ಟಿಗೆಯ ಮೇಲಲ್ಲ, ಪುಟದ ಮೇಲೆ ನೋಡಬೇಕು. ಅತಿ ಅಗ್ಗವಾಗಿ ಸಿಗುವ ಇಂಕ್‌ಜೆಟ್‌ಗಳ ಸಣ್ಣ ಕಾರ್ಟ್ರಿಜ್, ಅಂದರೆ ಶಾಯಿಯ ಡಬ್ಬಿ, ಸುಮಾರು 100ರಿಂದ 200 ಪುಟಕ್ಕೆ ಮುಗಿಯುತ್ತದೆ. ಅದಕ್ಕೆ ₹800 ಎಂದು ಹಿಡಿದರೆ ಪುಟಕ್ಕೆ ₹4ರಿಂದ ₹8 ಬೀಳುತ್ತದೆ. ಎಪ್ಸನ್ ಕಂಪನಿ 2010ರಲ್ಲಿ ಇಂಡೊನೇಷ್ಯಾದಲ್ಲಿ ಮೊದಲು ಬಿಡುಗಡೆ ಮಾಡಿದ ಟ್ಯಾಂಕ್ ಮಾದರಿ ಈ ಲೆಕ್ಕವನ್ನು ತಲೆಕೆಳಗು ಮಾಡಿತು. ಅದರ 003 ಕ್ರಮಾಂಕದ 65 ಮಿಲಿಲೀಟರ್ ಕಪ್ಪು ಬಾಟಲಿಗೆ ಕಂಪನಿ ಹೇಳುವ ಇಳುವರಿ 4,500 ಪುಟ. ಬಾಟಲಿಗೆ ₹400 ಎಂದರೂ ಪುಟಕ್ಕೆ ಒಂಬತ್ತು ಪೈಸೆ. ಲೇಸರಿನಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ ಎಚ್‌ಪಿ 12ಎ ಟೋನರಿನ ಇಳುವರಿ 2,000 ಪುಟ. ಹೊಸ ಡಬ್ಬಿಗೆ ₹5,000 ಎಂದು ಹಿಡಿದರೆ ಪುಟಕ್ಕೆ ₹2.50, ₹400 ಕೊಟ್ಟು ರೀಫಿಲ್ ಮಾಡಿಸಿದರೆ 20 ಪೈಸೆ. ಆದರೆ ರೀಫಿಲ್ಲಿನ ಪುಡಿ ಕಳಪೆಯಾಗಿದ್ದರೆ ಪುಟಕ್ಕೆ ಬೂದುಬಣ್ಣ ಹಿಡಿಯುತ್ತದೆ, ಹೊಸ ಮಾದರಿಗಳಲ್ಲಿ ಕೆಲವು ತಮ್ಮ ಕಂಪನಿಯ ಚಿಪ್ ಇಲ್ಲದ ಡಬ್ಬಿಯನ್ನು ಸ್ವೀಕರಿಸುವುದೇ ಇಲ್ಲ. ರೀಫಿಲ್ ಮಾಡುವವರು ಊರಿನಲ್ಲಿ ಇದ್ದಾರೆಯೇ, ಕೊಳ್ಳಲಿರುವ ಮಾದರಿಗೆ ಅವರು ಪುಡಿ ತುಂಬುತ್ತಾರೆಯೇ ಎಂದು ಮೊದಲೇ ವಿಚಾರಿಸಬೇಕಾದದ್ದು ಇದಕ್ಕಾಗಿ. 500 ಹಾಳೆಯ ರೀಮಿಗೆ ₹300 ಎಂದರೆ ಹಾಳೆಗೆ 60 ಪೈಸೆ. ಟ್ಯಾಂಕಿನ ಶಾಯಿಗಿಂತ ಕಾಗದವೇ ದುಬಾರಿ.

ಯಂತ್ರದ ಅಗತ್ಯವೇ ಇಲ್ಲದ ಮನೆಗಳೂ ಇವೆ. ₹12,000ದ ಪ್ರಿಂಟರ್ ಐದು ವರ್ಷ ಬಾಳಿದರೆ ತಿಂಗಳಿಗೆ ₹200 ತಗಲುತ್ತದೆ. ಝೆರಾಕ್ಸ್ ಅಂಗಡಿಯಲ್ಲಿ ಪುಟಕ್ಕೆ ₹5, ಮನೆಯಲ್ಲಿ ಕಾಗದ ಸೇರಿ ₹1 ಎಂದು ಇಟ್ಟುಕೊಂಡರೆ ತಿಂಗಳಿಗೆ 50 ಪುಟವಾದರೂ ಆಗದ ಹೊರತು ಹಾಕಿದ ಹಣ ಹುಟ್ಟುವುದಿಲ್ಲ.

ಒಟ್ಟಿನಲ್ಲಿ, ಅಕ್ಷರದ ಕೆಲಸವೇ ಹೆಚ್ಚಿದ್ದು, ಅದೂ ಬಿಟ್ಟುಬಿಟ್ಟು ಬರುವ ಮನೆಗೆ, ಕರೆಂಟು ಇದ್ದಾಗ ಕೆಲಸ ಮುಗಿಸಿಕೊಳ್ಳಬಲ್ಲವರಿಗೆ, ಕಪ್ಪುಬಿಳುಪಿನ ಲೇಸರ್ ಸೂಕ್ತ. ಶಾಲಾಮಕ್ಕಳಿರುವ, ಸೀರೆ ವ್ಯಾಪಾರವಿರುವ, ವಾರಕ್ಕೊಮ್ಮೆಯಾದರೂ ನಾಲ್ಕೂ ಬಣ್ಣ ಬಳಕೆಯಾಗುವ ಮನೆಗೆ ಇಂಕ್ ಟ್ಯಾಂಕ್ ಸೂಕ್ತ. ಕೆಲಸವಿಲ್ಲದ ವಾರವೂ ಒಂದು ಬಣ್ಣದ ಪುಟ ತೆಗೆದರೆ ಹೆಡ್ ಕಟ್ಟಿಕೊಳ್ಳುವುದಿಲ್ಲ. ಸಣ್ಣ ಕಾರ್ಟ್ರಿಜ್ಜಿನ ಅಗ್ಗದ ಇಂಕ್‌ಜೆಟ್ ಈ ಸೀಮೆಯ ಹೆಚ್ಚಿನ ಮನೆಗಳಿಗೆ ಒಪ್ಪುವಂಥದ್ದಲ್ಲ. ಕೊಳ್ಳುವ ಮುನ್ನ ಎರಡು ತಿಂಗಳು ಅಂಗಡಿಯಲ್ಲಿ ತೆಗೆಸಿದ ಪುಟಗಳ ಲೆಕ್ಕವನ್ನು, ಕಪ್ಪು ಎಷ್ಟು ಬಣ್ಣ ಎಷ್ಟು ಎಂದು ಬೇರೆಬೇರೆಯಾಗಿ, ಬರೆದಿಟ್ಟು ನೋಡುವುದು ಒಳ್ಳೆಯದು.