ಸೂರಿನ ಮೇಲೆ ಗಂಟೆ ಕಾಣಲಿಲ್ಲ ಸ್ವಾಮಿ!

ಬಸವನಗುಡಿಯ ಮಲಗುವ ಕೋಣೆಗಳಿಗೆ ಹೊಸದೊಂದು ಅಲಾರಂ ಗಡಿಯಾರ ಬಂದು ಕೂತಿದೆ. ರಾತ್ರಿ ಹೊತ್ತು ಗಂಟೆಯನ್ನು ಕೆಂಪು ಬೆಳಕಿನಲ್ಲಿ ಸೂರಿನ ಮೇಲೆ ಮೂಡಿಸುತ್ತದಂತೆ. ಕನ್ನಡಕ ತಡಕಬೇಕಿಲ್ಲ, ದೀಪ ಹಾಕಿ ಪಕ್ಕದವರ ನಿದ್ದೆ ಕೆಡಿಸಬೇಕಿಲ್ಲ. ಸಾವಿರ ರೂಪಾಯಿಯೊಳಗೇ ಸಿಕ್ಕುತ್ತೆ. ಫೋನು ಒತ್ತಿದರೆ ಮನೆ ಬಾಗಿಲಿಗೇ ಬರುತ್ತೆ. ಕೊಂಡವರ ಮುಖ ಮಾತ್ರ ಸಪ್ಪಗಿದೆ.

ಡಿ.ವಿ.ಜಿ. ರಸ್ತೆ ಬಳಿಯ ನಿವೃತ್ತ ಗುಮಾಸ್ತರೊಬ್ಬರ ಪಾಡು ಕೇಳಿ. ಮೊದಲ ರಾತ್ರಿ ಗುಂಡಿ ಒತ್ತಿದರು. ಮೇಲೆ ಕುಂಕುಮ ಚೆಲ್ಲಿದ ಹಾಗೆ ಒಂದು ಮಸುಕು ಕಲೆ. ಮನೆಯಾಕೆಯನ್ನು ಎಬ್ಬಿಸಿ, "ಅದು ಮೂರೋ ಎಂಟೋ ನೋಡೇ" ಅಂದರು. "ಗಂಟೆ ನೋಡೋಕೆ ನನ್ನ ಎಬ್ಬಿಸೋದಾದ್ರೆ ಈ ಡಬ್ಬ ಯಾಕ್ರೀ ಬೇಕಿತ್ತು?" ಎಂದು ಆಕೆ ಮಗ್ಗುಲಾಗುವುದರೊಳಗೆ ಕಲೆಯೂ ಆರಿಹೋಯಿತು. ಶೆಲ್ ಮೇಲೆ ನಡೆಯುವಾಗ ಐದು ಸೆಕೆಂಡು ಮಾತ್ರ ಬೆಳಕು. ಸದಾ ಉರಿಯಬೇಕಾದರೆ ಅಡಾಪ್ಟರ್ ಬೇಕು, ಅದು ಪೆಟ್ಟಿಗೆಯಲ್ಲಿ ಇರಲಿಲ್ಲ. ಬೇರೆ ತಂದು ಸಿಕ್ಕಿಸಿದರು, ಶೆಲ್ ತೆಗೆದಿಟ್ಟರು.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಒಂದು ರಾತ್ರಿ ಕರೆಂಟು ಹೋಗಿ ಬಂತು. ಗಡಿಯಾರ ಮತ್ತೆ ಹನ್ನೆರಡರಿಂದ ಶುರು, ಅಲಾರಂ ಮಾಯ. ಮೈಸೂರಿನಲ್ಲಿ ಮಗಳಿಗೆ ಕೆಲಸದ ಸಂದರ್ಶನ. ಸ್ಯಾಟಲೈಟ್ ನಿಲ್ದಾಣದಿಂದ ಬೆಳಗಿನ ಜಾವದ ಬಸ್ಸು ಹಿಡಿಯಬೇಕಿತ್ತು. ತಂದೆ ಮಗಳು ಕಣ್ಣು ಬಿಟ್ಟಾಗ ಹಾಲಿನವನು ಬಂದು ಹೋಗಿದ್ದ. ಬೇರೆ ಬಸ್ಸು ಹತ್ತಿ ಅಲ್ಲಿಗೆ ಮುಟ್ಟುವಷ್ಟರಲ್ಲಿ ಆಕೆಯ ಹೆಸರು ಕರೆದಾಗಿತ್ತು. ಕರೆಂಟಿನಲ್ಲಿ ನಡೆಸಿದರೂ ಶೆಲ್ ಒಳಗೇ ಇರಬೇಕೆಂದು ಆ ಪೆಟ್ಟಿಗೆಯ ಚೀಟಿಯಲ್ಲಿ ಒಂದಕ್ಷರವಿಲ್ಲ.

ಒಳಗಿರುವುದಾದರೂ ಏನು? ಪುಟ್ಟ ಕೆಂಪು ದೀಪ, ಅದರ ಮುಂದೆ ಅಂಕಿ ಮೂಡುವ ಉಗುರಿನಷ್ಟು ಗಾಜು, ಅದರ ಮುಂದೊಂದು ಪ್ಲಾಸ್ಟಿಕ್ ಮಸೂರ. ಟೂರಿಂಗ್ ಟಾಕೀಸಿನ ಯಂತ್ರದ ಕುಳ್ಳ ತಮ್ಮ ಅನ್ನಿ. ಬೆಳಕು ದೂರ ಹೋದಷ್ಟೂ ಹರಡುತ್ತದೆ. ಆರಡಿಗೆ ಚೆನ್ನಾಗಿ ಕಂಡ ಅಂಕಿ ಹನ್ನೆರಡಡಿಗೆ ಎರಡರಷ್ಟು ದೊಡ್ಡದಾಗಿ, ಕಾಲುಭಾಗ ಕಾಂತಿಗೆ ಇಳಿಯುತ್ತದೆ. ನಮ್ಮ ಬಡಾವಣೆ 1898ರ ಪ್ಲೇಗಿನ ನಂತರ ಬೆಳೆದದ್ದು. ಇಲ್ಲಿನ ಹಳೇ ಮನೆಗಳ ಮದ್ರಾಸ್ ತಾರಸಿ ಎತ್ತರ, ಮೇಲಾಗಿ ತೊಲೆಗಳ ಸಾಲು. ಗಂಟೆ ಒಂದು ತೊಲೆಯ ಮೇಲೆ, ನಿಮಿಷ ಇನ್ನೊಂದರ ಸಂದಿನಲ್ಲಿ! ಫೋಕಸ್ ತಿರುಗಿಸುವ ಗುಂಡಿ ಇಲ್ಲದ ಮಾಲಿನಲ್ಲಿ ಇದಕ್ಕೆ ಮದ್ದೇ ಇಲ್ಲ.

ಅಮೆರಿಕದಿಂದ ಮಕ್ಕಳು ತಂದುಕೊಡುವ ಗಡಿಯಾರಗಳದ್ದು ಇನ್ನೊಂದು ಕಥೆ. ಕೆಲವು ಕರೆಂಟಿನ ಮಿಡಿತ ಎಣಿಸಿ ಗಂಟೆ ಹೇಳುತ್ತವೆ. ಅಲ್ಲಿ ಸೆಕೆಂಡಿಗೆ 60 ಮಿಡಿತ, ಇಲ್ಲಿ 50. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಇಳಿಸಿದರೂ ಗಂಟೆಗೆ ಹತ್ತು ನಿಮಿಷ ಹಿಂದೆ ಬೀಳುತ್ತವೆ. ಮಗನ ಪ್ರೀತಿ ಸುಳ್ಳಲ್ಲ, ಗಡಿಯಾರ ಸುಳ್ಳು.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಎಚ್.ಎಂ.ಟಿ. ವಾಚು ತಯಾರಿಸಲು ಹೊರಟದ್ದು ಇದೇ ಊರಿನಲ್ಲಿ. ಆ ವಾಚು ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿತು. ಕೀ ಕೊಡುವ ವಾಚು ಕೆಟ್ಟರೆ ಬೀದಿ ಕೊನೆಯ ರಿಪೇರಿಯವನು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಬಿಚ್ಚುತ್ತಿದ್ದ. ಈ ಡಬ್ಬ ತೋರಿಸಿದರೆ, "ಹೊಸದು ತಗೊಳ್ಳಿ ಸಾರ್" ಅನ್ನುತ್ತಾರೆ.

ವರ್ತಕ ಮಹಾಶಯರಿಗೂ ಒಂದು ಮಾತು. ಟ್ಯೂಬ್‌ಲೈಟಿನ ಕೆಳಗೆ ಪೆಟ್ಟಿಗೆ ತೋರಿಸಿ "ಕತ್ತಲಲ್ಲಿ ಸೂಪರ್ ಕಾಣತ್ತೆ" ಅಂದರೆ ಗಿರಾಕಿ ನಂಬುವುದಾದರೂ ಹೇಗೆ? ಒಳಕೋಣೆಯಲ್ಲಿ ದೀಪ ಆರಿಸಿ ತೋರಿಸಿ. ಬಿಲ್ಲು ಕೊಡಿ. 2011ರ ನಿಯಮದಂತೆ ಪೆಟ್ಟಿಗೆಯ ಮೇಲೆ ತಯಾರಕರ ಅಥವಾ ಆಮದು ಮಾಡಿದವರ ಹೆಸರು, ವಿಳಾಸ, ಗರಿಷ್ಠ ಬೆಲೆ, ದೂರು ಹೇಳಲು ನಂಬರು ಇರಬೇಕು. ಇಲ್ಲದ ಮಾಲು ಮಾರಿ ತೂಕ ಅಳತೆ ಇಲಾಖೆಯವರ ಕೈಗೆ ಸಿಕ್ಕರೆ ಲಾಭವೆಲ್ಲ ದಂಡಕ್ಕೆ. ಗ್ರಾಹಕರಿಗೆ 1915 ನಂಬರಿನ ಸಹಾಯವಾಣಿ ಇದೆ. ಗ್ರಾಹಕರ ಜಿಲ್ಲಾ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು, ಐದು ಲಕ್ಷದೊಳಗಿನ ಮಾಲಿಗೆ ಶುಲ್ಕವಿಲ್ಲ.

ಈಗಾಗಲೇ ಕೊಂಡವರು ಸೂರಿನ ಆಸೆ ಬಿಡಿ. ಐದಾರು ಅಡಿ ದೂರದ ಬಿಳಿ ಗೋಡೆಗೆ ತಿರುಗಿಸಿ ನೋಡಿ. ಅಂಕಿ ತಲೆಕೆಳಗಾದರೆ ಗಡಿಯಾರದ ಬೆನ್ನಿನಲ್ಲಿ ಅದನ್ನು ತಿರುಗಿಸುವ ಗುಂಡಿ ಇದೆಯೇ ಹುಡುಕಿ. ಶೆಲ್ ಮಾತ್ರ ತೆಗೆಯಬೇಡಿ. ಬೆಳಗಿನ ಬಸ್ಸಿದ್ದ ದಿನ ಪಕ್ಕದಲ್ಲಿ ಇನ್ನೊಂದು ಅಲಾರಂ ಇರಲಿ.